ಕುರಿ ಕಂದು ಹಾಕ್ತಿವೆ, ಜಂತುಹುಳದಿಂದಾನಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ಶಿಕಾರಿಪುರದ ಹತ್ರ ನಮ್ದು ಇಪ್ಪತ್ತು ಕುರಿ. ಈ ಸಲ ಮೂರು ಕುರಿ ನಾಲ್ಕನೇ ತಿಂಗಳಲ್ಲೇ ಕಂದು ಹಾಕಿದ್ವು. ಇನ್ನೊಂದು ದಿನ ತುಂಬಿ ಅವಳಿ ಈಯ್ತು, ಒಂದು ಮರಿ ಒಣಗಿ ಕಪ್ಪಾಗಿತ್ತು, ಇನ್ನೊಂದು ಎದ್ದು ನಿಲ್ಲದೆ ಸಂಜೆಗೆ ಹೋಯ್ತು. ಜಂತಿನ ಔಷಧಿ ಎರಡು ಸಲ ಕುಡಿಸಿದೀನಿ. ಹೊಟ್ಟೆಹುಳ ಗರ್ಭದ ಮರಿಗೂ ಹೋಗುತ್ತಾ? ಕಂದು ಹಾಕಿದ್ದನ್ನೆಲ್ಲ ಮಾರಿಬಿಡ್ಲಾ?

ಉತ್ತರ: ಈಗ್ಲೇ ಮಾರ್ಬೇಡಿ. ರಕ್ತ ಹೀರೋ ಹೊಟ್ಟೆ ಜಂತು ಗರ್ಭದೊಳಗೆ ಹೋಗಲ್ಲ, ಅದು ತಾಯಿನ ಸೊರಗಿಸುತ್ತೆ, ತಾಯಿ ಸೊರಗಿದ್ರೆ ಮರಿಗೆ ಬೆಳೆಯೋಕೆ ಏನೂ ಸಿಗಲ್ಲ. ಕುರಿ ಗಬ್ಬ ಸುಮಾರು 147 ದಿನ, ಮರಿ ತೂಕದಲ್ಲಿ ಹತ್ರತ್ರ 70% ಬರೋದೇ ಕೊನೇ ಆರು ವಾರದಲ್ಲಿ. ಗದ್ದೆ, ಕೆರೆ ಅಂಚಲ್ಲಿ ಮೇಯೋ ಕುರಿಗೆ ಬಸವನಹುಳದಿಂದ ಬರೋ ಲಿವರ್ ಹುಳನೂ ಹಾಗೇ, ಗದ್ದದ ಕೆಳಗೆ ನೀರು ತುಂಬಿ ಊದಿದ್ರೆ, ಕಣ್ಣಿನ ಒಳಪದರ ಬೆಳ್ಳಗಾಗಿದ್ರೆ ಸಗಣಿ ಟೆಸ್ಟ್ ಮಾಡಿಸಿ.

ಆದ್ರೆ ಒಣಗಿದ ಮರಿ ಜೊತೆ ನಿತ್ರಾಣದ ಮರಿ ಅಂದಾಗ ನಂಗೆ ಮೊದ್ಲು ಅನುಮಾನ ಬರೋದು ಟಾಕ್ಸೋಪ್ಲಾಸ್ಮಾ ಮೇಲೆ. ಇದು ಕಣ್ಣಿಗೆ ಕಾಣದ ಪರಾವಲಂಬಿ, ಇಲಿ ತಿಂದ ಬೆಕ್ಕಿಗೆ, ಅದ್ರಲ್ಲೂ ಮರಿಬೆಕ್ಕಿಗೆ ಹತ್ತುತ್ತೆ, ಆ ಬೆಕ್ಕು ಹುಲ್ಲಿನ ಗೊಣಬೆ ಮೇಲೋ ಹಿಂಡಿ ಚೀಲದ ಮೇಲೋ ಹೇತ್ರೆ ಅದೇ ಮೇವು ಕುರಿ ಹೊಟ್ಟೆ ಸೇರುತ್ತೆ, ನಮ್ಮ ಮಲೆನಾಡಿನ ತೇವದ ಮಣ್ಣಲ್ಲಿ ಅದ್ರ ಮೊಟ್ಟೆ ತಿಂಗಳುಗಟ್ಲೆ ಸಾಯಲ್ಲ. ಗಬ್ಬದ ಮೊದಲೆರಡು ತಿಂಗಳಲ್ಲಿ ಹತ್ತಿದ್ರೆ ಮರಿ ಒಳಗೇ ಕರಗಿಹೋಗುತ್ತೆ, ನಾವು ಕುರಿ ಗಬ್ಬಾನೇ ಕಟ್ಟಿಲ್ಲ ಅಂದ್ಕೋತೀವಿ. ನಡುವೆ ಹತ್ತಿದ್ರೆ ಕಂದು ಹಾಕೋದು, ಮರಿ ಒಣಗೋದು. ಕೊನೇ ತಿಂಗಳಲ್ಲಿ ಹತ್ತಿದ್ರೆ ಎಷ್ಟೋ ಮರಿ ಗಟ್ಟಿಯಾಗೇ ಹುಟ್ಟುತ್ವೆ.

ಒಮ್ಮೆ ಹತ್ತಿದ ಕುರಿಗೆ ತಡೆಯೋ ಶಕ್ತಿ ಬರುತ್ತೆ, ಸಾಮಾನ್ಯವಾಗಿ ಮುಂದಿನ ಸಲ ಇದ್ರಿಂದ ಕಂದು ಹಾಕಲ್ಲ, ಅದಕ್ಕೇ ಮಾರ್ಬೇಡಿ ಅಂದಿದ್ದು. ಆದ್ರೆ ಬ್ರುಸೆಲ್ಲಾ, ಅಂದ್ರೆ ಕಂದು ಹಾಕಿಸೋ ಇನ್ನೊಂದು ಬ್ಯಾಕ್ಟೀರಿಯಾ ರೋಗ, ಆಗಿದ್ರೆ ಲೆಕ್ಕನೇ ಬೇರೆ, ನೋಡಿ ಹೇಳೋಕಾಗಲ್ಲ. ಇನ್ನೊಂದು ಕುರಿ ಕಂದು ಹಾಕಿದ್ರೆ ಮರಿನೂ ಮಾಸೂ ಎಸೀಬೇಡಿ, ಮಾಸಿನ ಕೆಂಪು ಗುಂಡಿಗಳಲ್ಲಿ ರವೆಯಷ್ಟು ಬಿಳಿ ಚುಕ್ಕಿ ಇದ್ಯಾ ನೋಡಿ, ಗ್ಲೌಸ್ ಹಾಕಿ ಎರಡನ್ನೂ ಐಸ್ ಮೇಲಿಟ್ಟು ಶಿವಮೊಗ್ಗ ವೆಟರ್ನರಿ ಕಾಲೇಜಿಗೆ ಒಯ್ಯಿರಿ. ಕಂದು ಹಾಕಿದ ಕುರಿನ ಬೇರೆ ಕಟ್ಟಿ. ಮನೇಲಿ ಬಸುರಿ ಹೆಣ್ಮಕ್ಕಳಿದ್ರೆ ಈಯೋ ಕುರಿ ಹತ್ರ ದಯವಿಟ್ಟು ಬಿಡ್ಬೇಡಿ, ಟಾಕ್ಸೋಪ್ಲಾಸ್ಮಾ ಅವ್ರ ಹೊಟ್ಟೇಲಿರೋ ಮಗೂಗೂ ಹೋಗಬಹುದು.

ಹಾಂ, ಆ ಜಂತಿನ ಬಾಟಲಿ ಮೇಲೆ ಏನಿದೆ ಓದಿ, ಅಲ್ಬೆಂಡಜೋಲ್ ಆಗಿದ್ರೆ ಗಬ್ಬದ ಮೊದಲ ತಿಂಗಳು ಕುಡಿಸ್ಬಾರ್ದು, ಮರಿ ಅಂಗಾಂಗನೇ ಕೆಡಬಹುದು.