ಡಬ್ಬದ ಮೇಲಿನ ಲೀಟರು ಬೇರೆ, ತೊಟ್ಟಿಗೆ ಬೀಳುವ ಲೀಟರು ಬೇರೆ

ಓದುಗರ ಪ್ರಶ್ನೆ: ಉಪ್ಪುನೀರಿನ ಅಕ್ವೇರಿಯಂ

ಪ್ರಶ್ನೆ: ನಮ್ಮದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ. ಎರಡು ಕ್ಲೌನ್ ಮೀನು, ಒಂದಿಷ್ಟು ಮೆದು ಹವಳ ಇವೆ. ಕೆಳಗಿನ ಸಂಪಿನಿಂದ (ನೀರು ಶುದ್ಧಿ ಮಾಡುವ ಎರಡನೇ ತೊಟ್ಟಿ) ನೀರೆತ್ತಲು ಗಂಟೆಗೆ 2500 ಲೀಟರಿನ ಪಂಪು ಹಾಕಿದ್ದೇವೆ. ಆದರೂ ಕಲ್ಲಿನ ಹಿಂದೆ ಕಸ ಕೂರುತ್ತದೆ, ಮರಳಿನ ಮೇಲೆ ಕೆಂಪು ಲೋಳೆ ಹರಡುತ್ತಿದೆ. 5000 ಲೀಟರಿನದು ಹಾಕಿದರೆ ಸರಿಹೋದೀತೆ?
– ಓದುಗರು, ಮಂಗಳೂರು

ಉತ್ತರ: ದಯವಿಟ್ಟು ಹಾಕಬೇಡಿ. ಸಂಪಿನ ಪಂಪಿನ ಕೆಲಸ ನೀರನ್ನು ಸ್ಕಿಮ್ಮರಿನವರೆಗೆ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಸುತ್ತಿಸಿ ತರುವುದು, ಅಷ್ಟೇ. ಕಲ್ಲಿನ ಸಂದಿಯ ಕಸ ಎಬ್ಬಿಸುವುದು ತೊಟ್ಟಿಯೊಳಗಿನ ವೇವ್‌ಮೇಕರಿನ, ಅಂದರೆ ಒಳಗೇ ಕೂತು ನೀರನ್ನು ತಳ್ಳುವ ಸಣ್ಣ ಪಂಪಿನ ಕೆಲಸ. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಸಲು ಹೋದರೆ ಎರಡೂ ಕೆಡುತ್ತವೆ.

ನಿಮ್ಮ ತೊಟ್ಟಿ 9 ಘನ ಅಡಿ, ಅಂದರೆ ಸುಮಾರು 255 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 200 ಲೀಟರ್ ಎಂದಿಟ್ಟುಕೊಳ್ಳಿ. ಸಂಪಿನ ಮೂಲಕ ಗಂಟೆಗೆ ಇದರ ಮೂರರಿಂದ ಐದು ಪಟ್ಟು, 600ರಿಂದ 1000 ಲೀಟರ್ ಸುತ್ತಿದರೆ ಧಾರಾಳ. ಡಬ್ಬದ ಮೇಲಿನ 2500 ಎಂಬುದು ಎತ್ತರವೇ ಇಲ್ಲದಾಗ ಪಂಪು ಕೊಡುವ ನೀರು. ಸಂಪಿನ ನೀರಿನ ಮಟ್ಟದಿಂದ ತೊಟ್ಟಿಯ ನೀರಿನ ಮಟ್ಟಕ್ಕೆ ನಾಲ್ಕಡಿ ಏರಬೇಕು ಎಂದರೆ ಅದರಲ್ಲಿ ಅರ್ಧದಷ್ಟು ಕಡಿಮೆಯಾಗುವುದು ಸಾಮಾನ್ಯ. ಊಹೆ ಬೇಡ, ಅಳೆಯಿರಿ. ನೀರು ಬೀಳುವ ಬಾಯನ್ನು ಅದೇ ಎತ್ತರದಲ್ಲಿಟ್ಟು 10 ಲೀಟರಿನ ಬಕೆಟ್ಟಿಗೆ ತಿರುಗಿಸಿ, ತುಂಬಲು ಎಷ್ಟು ಸೆಕೆಂಡು ಎಂದು ನೋಡಿ. 36000ವನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಯ ಲೀಟರು ಸಿಗುತ್ತದೆ. 30 ಸೆಕೆಂಡಿಗೆ ತುಂಬಿದರೆ 1200 ಲೀಟರ್, ನಿಮಗೆ ಬೇಕಾದ್ದಕ್ಕಿಂತ ಹೆಚ್ಚೇ ಆಯಿತು.

ಕಡಿಮೆ ಬಂದರೂ ಪಂಪು ಬದಲಿಸುವ ಮೊದಲು ಪೈಪು ನೋಡಿ. ಒಳವ್ಯಾಸ 20 ಮಿ.ಮೀ. ಇದ್ದದ್ದನ್ನು 25 ಮಾಡಿದರೆ, ಅಷ್ಟೇ ನೀರಿಗೆ ಘರ್ಷಣೆ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಎಲ್ಬೋ ಕಡಿಮೆಯಿದ್ದಷ್ಟೂ ಒಳ್ಳೆಯದು. ಹೆಚ್ಚು ಬಂದರೆ ವಾಲ್ವನ್ನು ಪಂಪಿನ ಹೊರಬಾಯಿಯ ಕಡೆ ಹಾಕಿ ತಗ್ಗಿಸಿ. ಎಳೆಯುವ ಕಡೆ ಕಟ್ಟಿದರೆ ಪಂಪು ಹಾಳಾಗುತ್ತದೆ.

5000 ಬೇಡವೆನ್ನಲು ಇನ್ನೂ ಕಾರಣಗಳಿವೆ. ಅಷ್ಟು ನೀರನ್ನು ನಿಮ್ಮ ಓವರ್‌ಫ್ಲೋ ಪೈಪು (ತೊಟ್ಟಿಯಿಂದ ಸಂಪಿಗೆ ಇಳಿಯುವುದು) ಇಳಿಸದಿದ್ದರೆ ತೊಟ್ಟಿಯೇ ಉಕ್ಕುತ್ತದೆ. ಇಳಿಸಿದರೂ ಗೊಳಗೊಳ ಸದ್ದು, ತೊಟ್ಟಿಯ ತುಂಬ ಸಣ್ಣ ಗುಳ್ಳೆ. ಮುಳುಗಿರುವ ಪಂಪು ಎಳೆಯುವ ವ್ಯಾಟೆಲ್ಲ ಕೊನೆಗೆ ಬಿಸಿಯಾಗಿ ನೀರಿಗೇ ಸೇರುತ್ತದೆ. ಮಂಗಳೂರಿನ ಏಪ್ರಿಲ್‌ನಲ್ಲಿ ಅದೂ ಒಂದು ಕಷ್ಟ.

ಈಗ ಒಳಗಿನ ಹರಿವು. ಮೆದು ಹವಳಕ್ಕೆ ಗಂಟೆಗೆ ತೊಟ್ಟಿಯ ನೀರಿನ ಹತ್ತರಿಂದ ಇಪ್ಪತ್ತು ಪಟ್ಟು ಸಾಕು. ಗಂಟೆಗೆ 2000 ಲೀಟರಿನ ಎರಡು ವೇವ್‌ಮೇಕರ್ ಎದುರುಬದುರು ಗೋಡೆಗೆ ಕೂರಿಸಿ, ಒಂದನ್ನು ಮೇಲೆ, ಒಂದನ್ನು ಕೊಂಚ ಕೆಳಗೆ. ಒಂದೇ ದೊಡ್ಡದು ಹಾಕಿದರೆ ನೀರು ಒಂದೇ ದಾರಿ ಹಿಡಿಯುತ್ತದೆ, ಮೂಲೆ ಸತ್ತೇ ಇರುತ್ತದೆ. ನೇರ ಧಾರೆ ಹವಳಕ್ಕೆ ಬೀಳಬಾರದು, ಮಾಂಸ ಕಿತ್ತು ಬರುತ್ತದೆ. ಪಾಲಿಪ್‌ಗಳು (ಹವಳದ ಮೇಲಿನ ಹೂವಿನಂಥ ಸಣ್ಣ ಜೀವಿಗಳು) ಅತ್ತಿತ್ತ ತೂಗಬೇಕು, ಒಂದೇ ಕಡೆ ಬಾಗಿ ನಿಂತಿರಬಾರದು. ಚಿಟಿಕೆ ಮೀನಿನ ಆಹಾರವನ್ನು ಕಲ್ಲಿನ ಹಿಂದೆ ಬಿಟ್ಟು ನೋಡಿ: ಅದು ಎಲ್ಲಿ ಇಳಿದು ಕೂತಿತೋ ಅಲ್ಲೇ ನಿಮ್ಮ ಕೆಂಪು ಲೋಳೆ ಇರುತ್ತದೆ. ಲೋಳೆಯನ್ನು ನೀರು ಬದಲಿಸುವಾಗ ಕೊಳವೆಯಿಂದ ಎಳೆದುಬಿಡಿ, ಆಹಾರವನ್ನೂ ತಗ್ಗಿಸಿ. ಬರೀ ಹರಿವಿನಿಂದ ಅದು ಪೂರ್ತಿ ಹೋಗದು.

ಗಟ್ಟಿ ಹವಳಕ್ಕೆ ಇನ್ನೂ ಹೆಚ್ಚು ಹರಿವು ಬೇಕು. ಆದರೆ ಒಂದು ಮಾತು: ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಕಡಲಿಂದ ಕಿತ್ತು ತಂದದ್ದನ್ನು ಯಾರು ಕೊಟ್ಟರೂ ಕೊಳ್ಳಬೇಡಿ.

ಪ್ರಶ್ನೆ: ಕರೆಂಟು ಹೋದಾಗಲೆಲ್ಲ ಸಂಪು ಉಕ್ಕಿ ನೆಲವೆಲ್ಲ ನೀರು. ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್‌ರಿಟರ್ನ್ ವಾಲ್ವ್ ಹಾಕಿದರೂ ನಿಂತಿಲ್ಲ. ತೊಟ್ಟಿ ನಾಲ್ಕಡಿಯದು.
– ಓದುಗರು, ಹುಬ್ಬಳ್ಳಿ

ಉತ್ತರ: ಆ ವಾಲ್ವಿನ ಬಾಯಿಗೆ ಸುಣ್ಣದ ಪದರ, ಮರಳು ಸಿಕ್ಕಿ ಅದು ಪೂರ್ತಿ ಮುಚ್ಚುವುದಿಲ್ಲ. ಅದನ್ನು ನಂಬಬೇಡಿ. ಪಂಪು ನಿಂತೊಡನೆ ನೀರು ಬಂದ ಪೈಪಿನಲ್ಲೇ ಹಿಂದಕ್ಕೆ ಇಳಿಯುತ್ತದೆ, ಪೈಪಿನ ಬಾಯಿಗೆ ಗಾಳಿ ಸಿಗುವವರೆಗೂ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಒಂದು ಸೆಂ.ಮೀ. ನೀರೆಂದರೆ 5.4 ಲೀಟರ್. ಬಾಯಿ ಆರು ಸೆಂ.ಮೀ. ಮುಳುಗಿದ್ದರೆ 32 ಲೀಟರ್ ಸಂಪಿಗೆ ಬಂತು! ಬಾಯನ್ನು ಮೇಲಕ್ಕೆತ್ತಿ, ನೀರಿನ ಮಟ್ಟಕ್ಕಿಂತ ಒಂದೂವರೆ ಸೆಂ.ಮೀ. ಮಾತ್ರ ಕೆಳಗಿರುವಂತೆ ಕೂರಿಸಿ. ಬೇಗ ಗಾಳಿ ಹೊಗುವಂತೆ, ಮಟ್ಟಕ್ಕೆ ತುಸು ಕೆಳಗೆ ಪೈಪಿಗೆ 3 ಮಿ.ಮೀ. ತೂತು ಕೊರೆಯಿರಿ. ಪಾಚಿ, ಬಸವನಹುಳು ಅದನ್ನು ಮುಚ್ಚಿಬಿಡುತ್ತವೆ, ವಾರಕ್ಕೊಮ್ಮೆ ಚುಚ್ಚಿ ನೋಡಿ.

ಆಮೇಲೆ ಸಂಪಿನ ನೀರು ತಗ್ಗಿಸಿ, ಪಂಪು ಆರಿಸಿ, ಇಳಿಯುವುದೆಲ್ಲ ಇಳಿಯಲಿ. ಅಂಚಿಗೆ ಮೂರು ಬೆರಳಷ್ಟು ಜಾಗ ಉಳಿಯುವಂತೆ ನೀರು ಹೊಂದಿಸಿ, ಪಂಪು ಹಾಕಿ, ಈಗ ನಿಂತ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ. ಎಂದೂ ಆ ಗೆರೆ ದಾಟಿಸಿ ತುಂಬಬೇಡಿ.

ಕರೆಂಟಿಲ್ಲದಾಗ ಮೀನಿಗೆ ಮೊದಲು ಬೇಕಾದ್ದು ಆಮ್ಲಜನಕ. ಬ್ಯಾಟರಿಗೆ ಸಂಪಿನ ಪಂಪು ಸಿಕ್ಕಿಸುವ ಬದಲು ಒಂದು ಸಣ್ಣ ಡಿಸಿ ವೇವ್‌ಮೇಕರನ್ನು ನೀರಿನ ಮೇಲ್ಮೈ ಕದಡುವಂತೆ ತಿರುಗಿಸಿಟ್ಟರೆ ಬಹಳ ಹೊತ್ತು ತಡೆಯುತ್ತದೆ.

ಪ್ರಶ್ನೆ: ಕೂಲರಿನ ಪಂಪು ಅಗ್ಗ. ಉಪ್ಪುನೀರಿಗೆ ನಡೆಯುತ್ತದೆಯೇ?
– ಓದುಗರು, ಕಲಬುರಗಿ

ಉತ್ತರ: ಇಲ್ಲ. ಅದರ ಲೋಹದ ಭಾಗಗಳು ಉಪ್ಪಿಗೆ ತುಕ್ಕು ಹಿಡಿಯುತ್ತವೆ. ತಾಮ್ರ ಸ್ವಲ್ಪ ಕರಗಿದರೂ ಸಿಗಡಿ, ಬಸವನಹುಳು, ಹವಳ ಸಾಯುತ್ತವೆ. ಸೆರಾಮಿಕ್ ಶಾಫ್ಟಿನ, ಸಮುದ್ರದ ನೀರಿಗೆ ಆಗುತ್ತದೆಂದು ಬರೆದಿರುವ ಪಂಪನ್ನೇ ತನ್ನಿ. ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಇಂಪೆಲ್ಲರ್ (ನೀರು ತಳ್ಳುವ ಒಳಚಕ್ರ) ಬಿಚ್ಚಿ, ಸಮ ನೀರು ಬೆರೆಸಿದ ವಿನೆಗರಿನಲ್ಲಿ ಒಂದು ಗಂಟೆ ನೆನೆಸಿ ಹಳೆಯ ಬ್ರಷ್ಷಿನಿಂದ ಉಜ್ಜಿ, ಸಿಹಿನೀರಲ್ಲಿ ತೊಳೆದು ಹಾಕಿ. ಶಾಫ್ಟನ್ನು ಬಗ್ಗಿಸಿ ಎಳೆಯಬೇಡಿ, ಕಡ್ಡಿಯಂತೆ ಮುರಿಯುತ್ತದೆ.