ಹಳೆಯ ಟ್ರಕ್ಕಿನ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ನಿಜವಾಗಿ ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ?

ಗಾಡಿ ಓಡುತ್ತಲೇ ಆಫ್ ಆಗುತ್ತದೆ, ದೋಷ ಓದುವ ಸ್ಕ್ಯಾನರ್ ಕೂಡ ಕನೆಕ್ಟ್ ಆಗುವುದಿಲ್ಲ ಎಂದಿದ್ದೀರಿ. ದಯವಿಟ್ಟು ಈಗಲೇ ಹೊಸ ಇಸಿಎಂ ಕೊಳ್ಳಬೇಡಿ. ಮೊದಲು ಅದಕ್ಕೆ ಬರುವ ಕರೆಂಟ್ ಮತ್ತು ಅರ್ಥ್ ನೋಡಿ: ಫ್ಯೂಸ್, ರಿಲೇ, ತುಕ್ಕು ಹಿಡಿದ ಅರ್ಥ್ ಬೋಲ್ಟ್. ನನ್ನ ಪ್ರಕಾರ ಹೆಚ್ಚಿನವರು ಎಡವುವುದು ಇಲ್ಲೇ.

ಆಮೇಲೆ ಸೆನ್ಸರ್‌ಗಳ 5 ವೋಲ್ಟ್ ಲೈನ್ ಅಳೆಯಿರಿ. ವೋಲ್ಟೇಜ್ ಇಲ್ಲದಿದ್ದರೆ ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳುತ್ತದೋ ಶಾರ್ಟ್ ಆಗಿರುವುದು ಅದೇ.

ಇವೆಲ್ಲ ಸರಿಯಿದ್ದರೆ ಮಾತ್ರ ಇಸಿಎಂ ಬಿಚ್ಚಿ. ಹಳೆಯ ಬೋರ್ಡ್‌ಗಳಲ್ಲಿ ಕೆಪಾಸಿಟರ್ ಸೋರಿರುವುದುಂಟು, ಅದನ್ನು ರಿಪೇರಿ ಮಾಡಿಸಬಹುದು. ಇಸಿಎಂ ಬದಲಿಸುವುದಾದರೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಪಾರ್ಟ್ ನಂಬರ್ ತಾಳೆ ನೋಡಿ. ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಗಾಡಿ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಕೀ ಪ್ರೋಗ್ರಾಂ ಮಾಡಿಸಬೇಕಾಗಬಹುದು. ಹಳೆಯದನ್ನು ಸುಟ್ಟದ್ದು ಶಾರ್ಟ್ ಆದ ಇಂಜೆಕ್ಟರ್ (ಎಂಜಿನ್‌ಗೆ ಇಂಧನ ಸಿಂಪಡಿಸುವ ಭಾಗ) ಆಗಿದ್ದರೆ, ಅದನ್ನು ಸರಿಪಡಿಸದೆ ಹಾಕಿದ ಹೊಸದೂ ಸುಟ್ಟೀತು.