ಒಡ್ಡಿನ ಬುಡ ಒದ್ದೆಯಾಗಿದೆ, ಸಿಮೆಂಟ್ ಹಾಕಲೇ?

ಪ್ರಶ್ನೆ: ಸರ್, ನಮ್ಮದು ಕುಷ್ಟಗಿ ತಾಲ್ಲೂಕು. ಹೊಲದಲ್ಲಿ ಹರಿಯುವ ಸಣ್ಣ ಹಳ್ಳಕ್ಕೆ ಅಪ್ಪ ಹದಿನೈದು ವರ್ಷದ ಹಿಂದೆ ಮಣ್ಣಿನ ಒಡ್ಡು ಹಾಕಿಸಿದ್ದರು. ಎತ್ತರ 14 ಅಡಿ. ತುಂಬಿದರೆ ಎರಡು ಎಕರೆ ನೀರು ನಿಲ್ಲುತ್ತದೆ. ಈಗ ಎರಡು ಪೆಡಲ್ ದೋಣಿ ಬಿಟ್ಟಿದ್ದೇವೆ. ಭಾನುವಾರ ನೆಂಟರು, ಮಕ್ಕಳು ಬರುತ್ತಾರೆ. ಮೀನು ಹೋಗದಿರಲಿ ಅಂತ, ಹೆಚ್ಚಾದ ನೀರು ಹೊರಹೋಗುವ ಕೋಡಿಗೆ ಬಲೆ ಕಟ್ಟಿದ್ದೇವೆ, ನೀರು ಜಾಸ್ತಿ ನಿಲ್ಲಲಿ ಅಂತ ಮರಳಿನ ಚೀಲವನ್ನೂ ಇಟ್ಟಿದ್ದೇವೆ. ಈ ಸಲ ಒಡ್ಡಿನ ಹಿಂದುಗಡೆ, ಬುಡದಲ್ಲಿ, ಒಡ್ಡಿನೊಳಗಿಂದ ಬರುವ ಪೈಪಿನ ಪಕ್ಕ ನೆಲ ಒದ್ದೆಯಾಗಿದೆ. ತುಂಗಭದ್ರಾ ಗೇಟು ಕೊಚ್ಚಿಹೋದಾಗಿನಿಂದ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ಒದ್ದೆ ಜಾಗಕ್ಕೆ ಸಿಮೆಂಟ್ ಹಾಕಿ ಮುಚ್ಚಲೇ? ಒಡ್ಡಿನ ಮೇಲಿನ ಜಾಲಿ ಕಡಿಸಲೇ?

ಉತ್ತರ: ನಿಮ್ಮ ಪತ್ರ ಓದಿದಾಗ ಒದ್ದೆ ನೆಲಕ್ಕಿಂತ ಆ ಬಲೆ ಮತ್ತು ಚೀಲಗಳೇ ನನ್ನನ್ನು ಹೆದರಿಸಿದವು. ದಯವಿಟ್ಟು ಇವತ್ತೇ ತೆಗೆಸಿ. ಉಳಿದ ಮಾತು ಆಮೇಲೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯಲ್ಲಿ ಕೈಕೊಟ್ಟಿದ್ದು 19ನೇ ಗೇಟಿನ ಸರಪಳಿ. ಕಲ್ಲಿನ ಕಟ್ಟಡ ಗಟ್ಟಿಯಾಗೇ ನಿಂತಿತ್ತು. ನಿಮ್ಮದು ಮಣ್ಣು. ಗೇಟಿಲ್ಲ, ಸರಪಳಿಯಿಲ್ಲ. ಮಣ್ಣಿನ ಒಡ್ಡಿನ ಮೇಲೆ ಒಂದು ಸಲ ನೀರು ಹತ್ತಿ ಹರಿಯಿತು ಅಂದರೆ ಹಿಂದಿನ ಮೈಯನ್ನು ಕೊರೆಯುತ್ತಾ ಬರುತ್ತದೆ. ಆಮೇಲೆ ಯಾರೂ ತಡೆಯಲಾರರು. ಅದು ಆಗದಂತೆ ಕಾಯುವುದು ಕೋಡಿ ಒಂದೇ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಊರಿನ ಕೆರೆಯಲ್ಲಿ ಹೀಗೇ ಮೀನಿಗಾಗಿ ಕೋಡಿಗೆ ಬಲೆ ಕಟ್ಟಿದ್ದರು. ರಾತ್ರಿ ಮಳೆ ಬಂತು. ಹಳ್ಳ ತಂದ ಜೋಳದ ದಂಟು, ಜಾಲಿ ಕೊಂಬೆ, ಹರಿದ ಗೊಬ್ಬರದ ಚೀಲ ಎಲ್ಲ ಬಲೆಗೆ ಮೆತ್ತಿಕೊಂಡು ಗೋಡೆಯಂತಾಗಿತ್ತು. ನಾವು ಹೋಗುವಷ್ಟರಲ್ಲಿ ಏರಿಯ ತಗ್ಗಿನಲ್ಲಿ ಬೆರಳಷ್ಟು ದಪ್ಪ ನೀರು ಆ ಕಡೆಗೆ ಇಳಿಯುತ್ತಿತ್ತು. ಊರಿನ ಇಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಕುಡುಗೋಲಿನಿಂದ ಬಲೆ ಕೊಯ್ದರು. ಏರಿ ಉಳಿಯಿತು. ಆ ಇಬ್ಬರ ಜೀವಕ್ಕೆ ಏನಾದರೂ ಆಗಿದ್ದರೆ? ಇವತ್ತಿಗೂ ಅದನ್ನು ನೆನೆದರೆ ಕೈ ತಣ್ಣಗಾಗುತ್ತದೆ.

ನೀವು ಹೇಳಿದ ಎರಡು ಎಕರೆಯಲ್ಲಿ ಸರಾಸರಿ 5 ಅಡಿ ನೀರು ಅಂತ ಇಟ್ಟುಕೊಳ್ಳಿ. ಅದು ಸುಮಾರು 1 ಕೋಟಿ 23 ಲಕ್ಷ ಲೀಟರ್. 12 ಸಾವಿರ ಲೀಟರಿನ ಟ್ಯಾಂಕರ್ ಸಾವಿರಕ್ಕೂ ಜಾಸ್ತಿ. ಒಡ್ಡಿನ ಕೆಳಗೆ ಯಾರ ಹೊಲ, ಯಾರ ಗುಡಿಸಲು ಇದೆ ಅಂತ ಒಮ್ಮೆ ನಡೆದು ನೋಡಿ ಬನ್ನಿ.

ಕೋಡಿಯ ಮಟ್ಟಕ್ಕಿಂತ ಒಡ್ಡಿನ ತಲೆ ಮೂರು ಅಡಿಯಾದರೂ ಮೇಲಿರಬೇಕು. ಹದಿನೈದು ವರ್ಷದಲ್ಲಿ ಮಣ್ಣು ಕುಸಿದು ನಡುವೆ ತಗ್ಗಾಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಗೌಂಡಿಯವರ ಹತ್ತಿರ ಮಟ್ಟ ನೋಡುವ ನೀರಿನ ಟ್ಯೂಬು ಇರುತ್ತದಲ್ಲ, ಅದನ್ನು ತರಿಸಿ ಈ ತುದಿಯಿಂದ ಆ ತುದಿಗೆ ಹಿಡಿದು ನೋಡಿ. ತಗ್ಗಿದ್ದಲ್ಲಿ ಮಣ್ಣು ಏರಿಸಿ. ಬರೀ ಎರೆ ಮಣ್ಣು ಬೇಡ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲೆ ಗರಸು ಹಾಸಿ.

ಈಗ ಒದ್ದೆಯ ವಿಚಾರ. ಮಣ್ಣಿನ ಒಡ್ಡು ಸ್ವಲ್ಪ ಜಿನುಗುವುದು ಸಹಜ. ನೋಡಬೇಕಾದ್ದು ನೀರಿನ ಬಣ್ಣ. ಅಲ್ಲಿ ಸಣ್ಣ ಕಾಲುವೆ ತೋಡಿ, ಜಿನುಗು ಒಂದೇ ಕಡೆ ಬೀಳುವಂತೆ ಮಾಡಿ. ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿ. ಅರ್ಧ ಗಂಟೆ ಇಟ್ಟರೂ ತಳದಲ್ಲಿ ಏನೂ ಕೂರದಿದ್ದರೆ ಸದ್ಯಕ್ಕೆ ಭಯವಿಲ್ಲ. ಮಣ್ಣು ಕೂತರೆ ಒಡ್ಡು ಒಳಗಿನಿಂದ ಕರಗುತ್ತಿದೆ ಅಂತ ಅರ್ಥ. ಪೈಪಿನ ಪಕ್ಕವೇ ಜಿನುಗುತ್ತಿದೆ ಅಂದಿರಿ, ಅದಕ್ಕೇ ಹೇಳುತ್ತಿದ್ದೇನೆ. ಪೈಪಿನ ಸುತ್ತ ಮಣ್ಣು ಸರಿಯಾಗಿ ದಮ್ಮಸ್ಸು, ಅಂದರೆ ಗುದ್ದಿ ಗಟ್ಟಿ, ಆಗಿರುವುದಿಲ್ಲ, ನೀರು ಅದರ ಮೈ ಹಿಡಿದೇ ಬರುತ್ತದೆ.

ಸಿಮೆಂಟ್ ಮಾತ್ರ ಬೇಡವೇ ಬೇಡ. ಹಿಂದಿನಿಂದ ಬಾಯಿ ಮುಚ್ಚಿದರೆ ನೀರು ಒಳಗೇ ಒತ್ತಿ ಬೇರೆ ದಾರಿ ಹುಡುಕುತ್ತದೆ. ಒದ್ದೆ ಜಾಗದ ಮೇಲೆ ಒಂದು ಅಡಿ ದಪ್ಪ ಮರಳು, ಅದರ ಮೇಲೆ ಜಲ್ಲಿ, ಮೇಲೆ ದಪ್ಪ ಕಲ್ಲು ಹೇರಿ. ನೀರು ಬರಲಿ, ಮಣ್ಣು ಬರಬಾರದು. ವಿಜಯನಗರದ ಕಾಲದ, 1369ರ, ಆಂಧ್ರದ ಪೋರುಮಾಮಿಳ್ಳ ಕೆರೆಯ ಶಾಸನದಲ್ಲೂ ಕೆರೆಯ ಆರು ದೋಷಗಳಲ್ಲಿ ಏರಿ ಸೋರುವುದು ಒಂದು ಅಂತ ಬರೆದಿದ್ದಾರೆ.

ನೀರು ಕದಡಿ ಬಂದರೆ, ಇಲ್ಲವೇ ದಿನೇ ದಿನೇ ಜಾಸ್ತಿಯಾದರೆ ದೋಣಿ ನಿಲ್ಲಿಸಿ, ಕೆಳಗಿನ ಹೊಲದವರಿಗೆ ಹೇಳಿ, ತಹಶೀಲ್ದಾರ್ ಕಚೇರಿಗೆ ತಿಳಿಸಿ, ನೀರು ಇಳಿಸಿ. ಅವಸರವಿಲ್ಲದಿದ್ದರೆ ದಿನಕ್ಕೆ ಒಂದು ಅಡಿ ಮೀರಬೇಡಿ. ಬೇಗ ಇಳಿಸಿದರೆ ನೀರಿನ ಕಡೆಯ ನೆನೆದ ಮೈ ಜಾರಿ ಬೀಳುತ್ತದೆ.

ಬಳ್ಳಾರಿ ಜಾಲಿ ಬೇಗ ಬೇರು ಬಿಡುವ ಗಿಡ. ಬೆರಳು ದಪ್ಪದ್ದನ್ನು ಈಗಲೇ ಬೇರು ಸಮೇತ ಕೀಳಿ. ತೊಡೆ ದಪ್ಪದ್ದನ್ನು ಕಡಿದು ಸುಮ್ನೆ ಬಿಟ್ಟರೆ ಬೇರು ಒಳಗೇ ಕೊಳೆತು ಕೊಳವೆಯಾಗುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಬೊಡ್ಡೆ, ಬೇರು ಅಗೆದು ತೆಗೆಸಿ, ಆರಾರು ಇಂಚಿನಂತೆ ಹಸಿ ಮಣ್ಣು ಹಾಕಿ ದಮ್ಮಸ್ಸು ಮಾಡಿಸಿ. ಹೆಗ್ಗಣದ ಬಿಲಕ್ಕೂ ಇದೇ ಮದ್ದು. ಆಮೇಲೆ ಗರಿಕೆ ಹಚ್ಚಿ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮುಖ್ಯವಾಗಿ 15 ಮೀಟರಿಗಿಂತ ಎತ್ತರದವಕ್ಕೆ, ಕೆಲವು ಷರತ್ತಿನ ಮೇಲೆ 10 ಮೀಟರ್ ದಾಟಿದವಕ್ಕೆ. ನಿಮ್ಮ 14 ಅಡಿ ಅದರೊಳಗೆ ಬರುವುದಿಲ್ಲ. ಹಾಗಾಗಿ ಅದರಡಿ ಯಾರೂ ಬಂದು ನೋಡುವುದಿಲ್ಲ, ನೀವೇ ನೋಡಬೇಕು. ದೋಣಿ ಹತ್ತುವವರಿಗೆಲ್ಲ ಲೈಫ್ ಜಾಕೆಟ್ ಇರಲಿ, ಕೋಡಿ ಮತ್ತು ಪೈಪಿನ ಬಾಯಿಯಿಂದ ದೂರವಿರುವಂತೆ ಹಗ್ಗ ಎಳೆಸಿ.

ಜಿನುಗು ನೀರು ಒಂದು ತಂಬಿಗೆ ತುಂಬಲು ಎಷ್ಟು ನಿಮಿಷ ಬೇಕು ಅಂತ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ, ಪಕ್ಕದಲ್ಲಿ ಕೆರೆಯ ಮಟ್ಟವನ್ನೂ ಬರೆದಿಡಿ. ಹದಿನೈದು ದಿನದ ಲೆಕ್ಕ ನನಗೆ ಕಳಿಸಿ. ನೋಡಿ ಹೇಳುತ್ತೇನೆ.